ಕೌಂಟರಿನ ಈಚೆ ನಿಂತವರು

"ಇನ್ನೂ ಎಷ್ಟು ಹೊತ್ತು ಕಾಯಿಸ್ತೀರಿ? ನಾಲ್ಕು ಮಾತ್ರೆ ಎಣಿಸೋಕೂ ಬರಲ್ವಾ ನಿಮಗೆ?"

ಸಾಲಿನ ಮುಂದಿದ್ದ ಗಂಡಸು ಔಷಧಿಯ ಪೊಟ್ಟಣವನ್ನು ಎಸೆದ. ಅದು ಕೌಂಟರಿನ ಹಿಂದೆ ನಿಂತಿದ್ದ ಅವಳ ಎದೆಗೆ ತಾಗಿ ಕೆಳಗೆ ಬಿತ್ತು.

ಅವಳು ಬಗ್ಗಿ ಎತ್ತಿಕೊಂಡಳು. ಬೆಳಗಿನಿಂದ ನಿಂತು ಮರಗಟ್ಟಿದ್ದ ಕಾಲು ಮಾತು ಕೇಳಲಿಲ್ಲ. ಏಳುವಾಗ ಕಪಾಟು ಹಿಡಿದುಕೊಳ್ಳಬೇಕಾಯಿತು.

ಅಷ್ಟರಲ್ಲಿ ಪಕ್ಕದಿಂದ ಒಂದು ಕೈ ಮೇಲಕ್ಕೆ ಚಾಚಿ ಅವಳ ಮುಂದಿನ ಶಟರನ್ನು ಅರ್ಧಕ್ಕೆ ಎಳೆಯಿತು.

"ಮೇಡಂ ಊಟ ಮಾಡಿ ಬರ್ತಾರೆ. ತುರ್ತು ಇರೋರು ಈ ಕಡೆ ಬನ್ನಿ, ನಾನು ಕೊಡ್ತೀನಿ."

ಆ ದಿನ ಬೆಳಿಗ್ಗೆ ತಾನೇ ಕೆಲಸಕ್ಕೆ ಸೇರಿದ್ದ ಹೊಸ ಫಾರ್ಮಸಿಸ್ಟ್ ಅವನು. ದನಿ ಎತ್ತಿರಲಿಲ್ಲ. ಆದರೂ ಸಾಲು ಸದ್ದಿಲ್ಲದೆ ಅವನ ಕಡೆ ಸರಿಯಿತು.

ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಯಾರನ್ನ ಕೇಳಿ ಶಟರ್ ಎಳೆದ್ರಿ? ಯಜಮಾನರ ಹತ್ರ ಬೈಸ್ಕೊಳ್ಳೋಳು ನಾನು."

"ಊಟ ಆಯ್ತಾ ನಿಮ್ಮದು?"

"ಅದು ನಿಮಗ್ಯಾಕೆ?"

"ನೀರಾದ್ರೂ ಕುಡಿದ್ರಾ?"

ಇವನಿಗೆ ಹೇಗೆ ಗೊತ್ತಾಯಿತು?

ಆ ಅಂಗಡಿಯಲ್ಲಿ ನೀರು ಕುಡಿದರೆ ಆಮೇಲೆ ಶೌಚಾಲಯಕ್ಕೆ ಹೋಗಬೇಕಾಗುತ್ತಿತ್ತು. ಅದಿರುವುದು ಹಿತ್ತಿಲ ಅಂಗಳ ದಾಟಿ. ಕೌಂಟರು ಬಿಟ್ಟು ಅಲ್ಲಾಡಿದರೆ ಸಾಲಿನವರು ಬಾಯಿಗೆ ಬಂದಂತೆ ಅನ್ನುತ್ತಿದ್ದರು. ಹಾಗಾಗಿ ಅವಳು ಬಾಯಾರಿಕೆಯನ್ನೇ ಮರೆಯುವುದು ಕಲಿತಿದ್ದಳು. ಅದರಿಂದ ಬಂದ ಉರಿಮೂತ್ರಕ್ಕೆ ಔಷಧಿಯನ್ನೂ ಅದೇ ಕಪಾಟಿನಿಂದ ತೆಗೆದು ನುಂಗಿದ್ದಳು.

ಅವಳು ಶಟರನ್ನು ಮೇಲೆ ತಳ್ಳಿದಳು. "ಮುಂದಿನವರು ಬನ್ನಿ..."

ಅದು ದೊಡ್ಡ ಆಸ್ಪತ್ರೆಯ ಎದುರಿಗಿದ್ದ ಔಷಧಿ ಅಂಗಡಿ. ಮೊದಲು ಅವಳ ಜೊತೆ ಇನ್ನಿಬ್ಬರು ಫಾರ್ಮಸಿಸ್ಟರಿದ್ದರು. ಒಬ್ಬೊಬ್ಬರಾಗಿ ಬಿಟ್ಟುಹೋದ ಮೇಲೆ ಎಲ್ಲರ ಕೆಲಸವೂ ಅವಳ ಹೆಗಲೇರಿತ್ತು. ಬಿಲ್ಲು ಹಾಕಲು ಒಬ್ಬ ಹಿರಿಯ ಹೆಂಗಸಿದ್ದಳು. ಎಲ್ಲರ ಬಾಯಲ್ಲೂ ಅವಳು ಬಿಲ್ಲಕ್ಕ.

ಮನೆಗೆ ಹೋದರೆ ಅಮ್ಮ ಅವಳ ಊದಿದ ಮೀನಖಂಡಕ್ಕೆ ಎಣ್ಣೆ ತಿಕ್ಕುತ್ತಾ ಗೊಣಗುತ್ತಿದ್ದಳು.

"ಊರಿಗೆಲ್ಲ ಔಷಧಿ ಕೊಡ್ತೀಯಲ್ಲೇ ಪುಟ್ಟಿ, ನಿನ್ನ ಕಾಲಿಗೆ ಕೊಡೋರು ಯಾರು?"

"ನೀನಿದ್ದೀಯಲ್ಲಮ್ಮ."

"ನಾನು ಎಷ್ಟು ದಿನ ಇರ್ತೀನಿ?"



ಹೊಸಬ ಮಾತ್ರ ತನ್ನ ಹಟ ಬಿಡಲಿಲ್ಲ. ಮರುದಿನ ಖಾಲಿ ಮರದ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಮೇಲೆ ಗೋಣಿ ಮಡಚಿಟ್ಟು, ಅವಳ ಹಿಂದೆ ಸರಿಸಿದ.

ಬಿಲ್ಲಕ್ಕ ಕನ್ನಡಕದ ಮೇಲಿಂದ ನೋಡಿದಳು. "ನನ್ನ ಕೂದಲು ಇಲ್ಲೇ ಬೆಳ್ಳಗಾಯ್ತು. ನನಗೊಂದು ಪೆಟ್ಟಿಗೆ ಹಾಕ್ಬೇಕು ಅಂತ ಯಾವ ಗಂಡಸಿಗೂ ತೋಚಲಿಲ್ಲ ನೋಡು."

ಸಂಜೆಯೊಳಗೆ ಅವಳಿಗೂ ಒಂದು ಪೆಟ್ಟಿಗೆ ಬಂತು.

ದಿನ ಕಳೆದಂತೆ ಇಬ್ಬರ ಕೈಗೂ ಒಂದು ಹೊಂದಿಕೆ ಬಂತು. ಅವನು ಔಷಧಿಯ ಹೆಸರು ಓದಿದರೆ ಅವಳು ಪ್ರಮಾಣ ಓದುತ್ತಿದ್ದಳು. ಅವಳು ಪೊಟ್ಟಣ ಕಟ್ಟಿದರೆ ಅವನೊಮ್ಮೆ ನೋಡುತ್ತಿದ್ದ. ಇಡೀ ದಿನ ಬೈಗುಳ ಕೇಳುವ ಆ ಜಾಗದಲ್ಲಿ ಪಕ್ಕದಲ್ಲೊಂದು ಮೆಲುದನಿ...

'ಬೆಳಗಾಗುವುದನ್ನೇ ಕಾಯುವ ಹಾಗಾಗಿದ್ದೇನಲ್ಲ ನಾನು!' ಎಂದು ಒಂದು ದಿನ ಕನ್ನಡಿಯ ಮುಂದೆ ಅವಳಿಗೆ ಹೊಳೆಯಿತು. ಹೊಳೆದದ್ದೇ ಹೆದರಿಕೆಯಾಯಿತು.

ಅದೇ ವಾರ ಆ ಘಟನೆ ನಡೆಯಿತು.

ಆಸ್ಪತ್ರೆಯಲ್ಲಿ ರೋಗಿಗಳು ಕಿಕ್ಕಿರಿದಿದ್ದ ದಿನ. ಸಂಜೆಯ ಹೊತ್ತಿಗೆ ಅವಳಿಗೆ ಅಕ್ಷರಗಳು ಮಸುಕಾಗುತ್ತಿದ್ದವು. ಅವನು ಹಿಂದೆ, ಬಂದ ಸರಕು ಇಳಿಸಿಕೊಳ್ಳುತ್ತಿದ್ದ. ಕೋಲೂರಿಕೊಂಡ ಮುದುಕರೊಬ್ಬರು ಚೀಟಿ ಕೊಟ್ಟರು. ರಕ್ತ ತೆಳುವಾಗಿಸುವ ಮಾತ್ರೆ. ಅವಳು ಕಟ್ಟಿಕೊಟ್ಟಳು. ಮುದುಕರು ಕೈ ಮುಗಿದು ಹೋದರು.

ಸ್ವಲ್ಪ ಹೊತ್ತಿನಲ್ಲಿ ಅವನು ಬಂದು ತೆರೆದಿದ್ದ ಡಬ್ಬಿ ನೋಡಿದ. ಚೀಟಿ ನೋಡಿದ.

"ಆ ಅಜ್ಜನಿಗೆ ಕೊಟ್ಟಿದ್ದು ಈ ಡಬ್ಬಿಯಿಂದಾನಾ?"

ಅವಳು ಚೀಟಿ ಕಸಿದು ನೋಡಿದಳು. ಬರೆದದ್ದು ಒಂದು ಮಿಲಿಗ್ರಾಂ. ಅವಳು ತೆರೆದದ್ದು ಐದರ ಡಬ್ಬಿ! ಒಂದು ವಾರ ನುಂಗಿದರೆ ಸಾಕು, ಒಳಗೊಳಗೇ ರಕ್ತ ಸುರಿದು...

ಅವನು ಚಪ್ಪಲಿ ಹಾಕದೆ ಬೀದಿಗೆ ಓಡಿದ. ಅವಳು ಕೌಂಟರು ಹಿಡಿದು ನಿಂತೇ ಇದ್ದಳು. ಸಾಲಿನವರು ಕೂಗುತ್ತಿದ್ದರು, ಅವಳಿಗೊಂದೂ ಕೇಳಿಸಲಿಲ್ಲ. ಬಸ್ಸು ಹತ್ತಲು ಕಾಲೆತ್ತಿದ್ದ ಮುದುಕರನ್ನು ಅವನು ಕೈಹಿಡಿದು ವಾಪಸ್ಸು ಕರೆತಂದಾಗಲೇ ಅವಳು ಉಸಿರು ಬಿಟ್ಟದ್ದು.

ಸರಿಯಾದ ಮಾತ್ರೆ ಕೊಟ್ಟು ಕಳಿಸಿದ ಮೇಲೆ ಅವಳು ಹಿಂದಿನ ಕೋಣೆಯಲ್ಲಿ ಅತ್ತಳು.

"ದಯವಿಟ್ಟು ಯಾರಿಗೂ ಹೇಳ್ಬೇಡಿ."

"ಹೇಳದಿದ್ರೆ ನಾಳೆ ಮತ್ತೆ ಆಗತ್ತೆ."

"ಅಂದ್ರೆ... ಹೇಳ್ತೀರಾ?"

ಅವನು ತಲೆ ತಗ್ಗಿಸಿದ. ಆಗಲೂ ಅವಳು ನಂಬಲಿಲ್ಲ. 'ಇವನು ನನ್ನನ್ನು ಬಿಟ್ಟುಕೊಡಲಾರ.'

ಮರುದಿನ ಯಜಮಾನರು ಅವಳನ್ನು ಕರೆದರು. "ನಿನ್ನೆ ಮಾತ್ರೆ ತಪ್ಪಿತಂತೆ. ನಿಮ್ಮ ಹೊಸಬನೇ ಬಂದು ಹೇಳಿದ. ಇನ್ಮೇಲಾದ್ರೂ ಮೈಮೇಲೆ ಎಚ್ಚರ ಇಟ್ಟುಕೊಂಡು ಕೆಲಸ ಮಾಡಿ."

ಅವಳು ಹೊರಬಂದಾಗ ಅವನು ಕೌಂಟರಿನಲ್ಲಿರಲಿಲ್ಲ. ಊರಾಚೆಯ ಗೋದಾಮಿಗೆ ಹೋದನೆಂದು ಗೊತ್ತಾಯಿತು.

ಒಳ್ಳೆಯದೇ ಆಯಿತಲ್ಲ... ಅಲ್ಲಿ ಬೈಯುವವರಿಲ್ಲ, ಕೂರಲು ಕುರ್ಚಿಯೂ ಇದೆ. ನನ್ನ ಮೇಲೆ ಚಾಡಿ ಹೇಳಿ ಸುಖದ ಜಾಗ ಗಿಟ್ಟಿಸಿಕೊಂಡ.

ಅವನು ಎರಡು ಸಲ ಫೋನು ಮಾಡಿದ. ಅವಳು ಎತ್ತಲಿಲ್ಲ. ಆಮೇಲೆ ಫೋನು ಬರಲೂ ಇಲ್ಲ. ಬರಲಿಲ್ಲವೆಂದು ನೋವಾದಾಗ ತನ್ನ ಮೇಲೆಯೇ ಸಿಟ್ಟು ಬಂತು.

ಅವಳ ಬಿಗಿದ ಮುಖವನ್ನು ಬಿಲ್ಲಕ್ಕ ಕೆಲವು ದಿನ ಸಹಿಸಿದಳು. ಕೊನೆಗೊಂದು ಮಧ್ಯಾಹ್ನ ತಡೆಯಲಾರದೆ ಕೇಳಿದಳು.

"ಆ ಹುಡುಗನ ಮೇಲೆ ಯಾಕಮ್ಮ ಹಗೆ?"

"ನನ್ನ ಹೆಸರು ಹೇಳಿ ಹೋದರಲ್ಲ ಅಕ್ಕ."

"ನಿನ್ನ ಹೆಸರಾ? ಬಿಲ್ಲಿನ ಕಟ್ಟು ಕೊಡೋಕೆ ಹೋದ ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. 'ಯಾರ ಕೈ ತಪ್ಪಿತು ಅಂತ ಕೇಳ್ಬೇಡಿ ಸರ್. ಹೊಟ್ಟೆಗಿಲ್ಲದೆ, ಕೂರದೆ, ಒಬ್ಬರೇ ಅಷ್ಟು ಜನಕ್ಕೆ ಕೊಟ್ರೆ ಯಾರ ಕೈಯಾದ್ರೂ ತಪ್ಪತ್ತೆ' ಅಂದ. ಹೆಸರು ಬೇಕೇ ಬೇಕು ಅಂತ ಯಜಮಾನರು ಕೂತ್ರು. 'ಹಾಗಾದ್ರೆ ನನ್ನದೇ ಬರ್ಕೊಳ್ಳಿ' ಅಂದ. ಅದಕ್ಕೇ ಅವನನ್ನ ಗೋದಾಮಿಗೆ ಹಾಕಿದ್ದು. ನಿನಗೆ ಹೇಳ್ಬೇಡಿ ಅಂತ ನನ್ನ ಬಾಯಿಗೂ ಬೀಗ ಹಾಕಿ ಹೋದ."

ಅವಳ ಕೈಯಲ್ಲಿದ್ದ ಪೊಟ್ಟಣ ಅಲ್ಲೇ ಉಳಿಯಿತು.

ಎಷ್ಟು ಸುಲಭವಾಗಿ ಅವನನ್ನು ಕೆಟ್ಟವನನ್ನಾಗಿ ಮಾಡಿಬಿಟ್ಟೆ!

ಮೊದಲ ದಿನ ಅವನು ಎಳೆದಿದ್ದ ಶಟರನ್ನು ಈಗ ಅವಳೇ ಪೂರ್ತಿ ಕೆಳಗೆಳೆದಳು. ನೇರ ಯಜಮಾನರ ಕೋಣೆಗೆ ನಡೆದಳು. ಬಿಲ್ಲಕ್ಕ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಬಂದಳು.

"ಅವತ್ತು ತಪ್ಪಿದ್ದು ನನ್ನ ಕೈ ಸರ್, ಅವರದ್ದಲ್ಲ. ಏನು ಮಾಡ್ತೀರೋ ನನಗೆ ಮಾಡಿ."

ಯಜಮಾನರು ಹುಬ್ಬೇರಿಸಿದರು. ಅವಳು ನಿಲ್ಲಿಸಲಿಲ್ಲ. ಮಧ್ಯಾಹ್ನ ಕೌಂಟರು ಮುಚ್ಚಿ ಊಟಕ್ಕೆ ಬಿಡಬೇಕು. ಕೂರಲು ಸರಿಯಾದ ಕುರ್ಚಿ ಬೇಕು. ಇಬ್ಬರು ಫಾರ್ಮಸಿಸ್ಟರಿಲ್ಲದೆ ಸಂಜೆಯ ಸಾಲಿಗೆ ತಾನು ಔಷಧಿ ಕೊಡುವುದಿಲ್ಲ.

"ಮುಚ್ಚಿದ್ರೆ ಜನ ಎದುರಿನ ಅಂಗಡಿಗೆ ಹೋಗ್ತಾರಮ್ಮ. ಆಮೇಲೆ ನಿಮಗೆಲ್ಲ ಸಂಬಳ ಎಲ್ಲಿಂದ ತರಲಿ?" ಯಜಮಾನರ ದನಿಯಲ್ಲಿ ಸಿಟ್ಟಿಗಿಂತ ಆತಂಕವೇ ಹೆಚ್ಚಿತ್ತು.

"ನಿಮ್ಮ ತಾಯಿಗೂ ಅದೇ ಮಾತ್ರೆ ಸರ್. ಪ್ರತಿ ಸಲ ನಾನೇ ಕಟ್ಟಿ ಕಳಿಸ್ತೀನಿ. ನಿಜ ಹೇಳಿ... ಅವತ್ತು ಸಂಜೆ ಕಟ್ಟಿದ್ದನ್ನ ಅವರಿಗೆ ಕೊಡ್ತಿದ್ರಾ?"

ಯಜಮಾನರು ಮೇಜಿನ ಮೇಲಿನ ಪೇಪರ್‌ವೇಟನ್ನು ಒಮ್ಮೆ ತಿರುಗಿಸಿದರು.

"ನಾಳೆಯಿಂದ ಊಟಕ್ಕೆ ಅರ್ಧ ಗಂಟೆ ಮುಚ್ಚಿ," ಅಂದರು. "ಕುರ್ಚಿ ತರಿಸ್ತೀನಿ. ಇನ್ನೊಬ್ಬರನ್ನ ಹೊಸದಾಗಿ ತಗೊಳ್ಳೋದು ಈಗ ಆಗಲ್ಲ. ಆ ಹುಡುಗ ಬರೋದಾದ್ರೆ ಬರಲಿ."

ಹೊಸ ಆಳು ಸಿಗಲಿಲ್ಲ. ಆದರೆ ಹೊರಗೆ ಬಂದ ಮೇಲೆ ಬಿಲ್ಲಕ್ಕ ಅವಳ ಕೆನ್ನೆ ಸವರಿ, "ಇನ್ನೂ ಯಾಕೆ ನಿಂತಿದ್ದೀಯ? ಗೋದಾಮಿಗೆ ಹೋಗು," ಅಂದಳು.

ಗೋದಾಮಿನಲ್ಲಿ ಅವನು ಏಣಿಯ ಮೇಲಿದ್ದ. ಅವಳನ್ನು ನೋಡಿ ನಿಧಾನವಾಗಿ ಇಳಿದ. ಮುಖ ಇಳಿದುಹೋಗಿತ್ತು.

"ಯಜಮಾನರು ನಿಮ್ಮನ್ನ ಕೌಂಟರಿಗೆ ಬರೋಕೆ ಹೇಳಿದ್ದಾರೆ," ಅಂದಳು. ಕಣ್ಣು ತುಂಬಿತು. "ಎಲ್ಲ ಗೊತ್ತಾಯ್ತು. ಯಾಕೆ ಹಾಗೆ ಮಾಡಿದ್ರಿ?"

ಅವನು ಪೆಟ್ಟಿಗೆಗಳ ಕಡೆ ನೋಡಿದ.

"ನನ್ನ ಅಕ್ಕನೂ ಫಾರ್ಮಸಿಸ್ಟ್. ಹೀಗೇ ಒಂದು ಸಂಜೆ ಕೈ ತಪ್ಪಿತು. ಆ ರೋಗಿ ಉಳಿದರು, ಅಕ್ಕ ಉಳಿಯಲಿಲ್ಲ... ಅಂದ್ರೆ, ಇದ್ದಾಳೆ. ಎಲ್ಲರೂ ಅವಳ ಕೈಯನ್ನೇ ಬೈದರು. ಆ ಕೈ ಎಷ್ಟು ದಣಿದಿತ್ತು ಅಂತ ಯಾರೂ ಕೇಳಲಿಲ್ಲ. ಈಗ ಅವಳು ಮನೆಯಿಂದ ಆಚೆ ಬರಲ್ಲ, ಒಂದು ಮಾತ್ರೆ ಕೂಡ ಕೈಯಲ್ಲಿ ಹಿಡಿಯಲ್ಲ."



"ಹಾಗಾದ್ರೆ... ನನ್ನಲ್ಲಿ ನಿಮಗೆ ಕಂಡದ್ದು ನಿಮ್ಮ ಅಕ್ಕಾನಾ?"

"ಮೊದಲ ದಿನ ಹೌದು. ಆಮೇಲೆ ಬರೀ ನೀವೇ ಕಂಡ್ರಿ."

ಅವಳು ಮುಖ ಒರೆಸಿಕೊಂಡಳು. "ನೀವು ಹೇಳಿದ್ರಿ ಅಂತ ಸಿಟ್ಟು ಅಂದ್ಕೊಂಡಿದ್ದೆ. ಅಲ್ಲ. ನನ್ನ ಪಕ್ಕ ನೀವಿರಲಿಲ್ಲ, ಅದಕ್ಕೇ ಸಿಟ್ಟು."

ಅವನು ಒಂದು ಹೆಜ್ಜೆ ಹತ್ತಿರ ಬಂದ. ಧೂಳು ಮೆತ್ತಿದ ತನ್ನ ಕೈಯನ್ನು ಅಂಗಿಗೆ ಒರೆಸಿಕೊಂಡ. ಅವಳೇ ಆ ಕೈ ಹಿಡಿದುಕೊಂಡಳು.

"ನಿಮ್ಮ ಅಕ್ಕನ್ನ ನೋಡ್ಬೇಕು ನಾನು. ಕರ್ಕೊಂಡು ಹೋಗ್ತೀರಾ?"

"ಔಷಧಿ ಅಂಗಡಿಯವರು ಅಂದ್ರೆ ಅವಳು ಬಾಗಿಲೇ ತೆಗೆಯಲ್ಲ."

"ಔಷಧಿ ಅಂಗಡಿಯವಳಾಗಿ ಬರಲ್ಲ."

"ಮತ್ತೆ... ಯಾರು ಬಂದಿದ್ದಾರೆ ಅಂತ ಹೇಳ್ಲಿ?"

ಅವಳು ನೆಲ ನೋಡಿದಳು. "ಅದನ್ನ ನೀವೇ ಹೇಳ್ಬೇಕು."

ಅವನ ದನಿ ಮೊದಲ ಸಲ ನಡುಗಿತು. "ನಿನ್ನ ತಮ್ಮನ ಕೈ ಹಿಡಿಯೋಳು ಬಂದಿದ್ದಾಳೆ ಅಂತ ಹೇಳ್ಲಾ?"

"ಹೇಳಿ," ಅಂದಳು ಅವಳು. "ಈಗ ನನಗೆ ಇನ್ನೊಂದು ಸಲ ಹೇಳಿ. ನಿಧಾನವಾಗಿ."