ಮುಳುಗುವ ಮೇವು

ಬೆಳಿಗ್ಗೆ ಠಾಣೆಗೆ ಬಂದ ಮೀನು ಸಾಕಣೆಯ ಒಡತಿ ಮೇಜಿನ ಮೇಲೆ ಒಂದು ಗಾಜಿನ ಬಾಟಲಿ ಇಟ್ಟಳು. ಒಳಗೆ ಕಪ್ಪು ಕೆಸರು. ಮುಚ್ಚಳ ತೆಗೆದ ಮುಖ್ಯಪೇದೆ ಮೂಗು ಮುಚ್ಚಿಕೊಂಡ.

"ಕೆರೇಲಿ ಮೀನು ಸಾಕೋ ನಮ್ಮ ಬಲೆಗೂಡಿನ ಕೆಳಗಿಂದ ತೆಗೆದದ್ದು ಸಾರ್. ಯಾರೋ ಕದ್ದು ಮೇವು ಸುರೀತಿದ್ದಾರೆ."

"ಕದ್ದು ಒಯ್ಯೋರನ್ನ ನೋಡಿದೀನಿ. ಕದ್ದು ಬಡಿಸೋರು ಇದೇ ಮೊದಲು," ಎಂದ ಮುಖ್ಯಪೇದೆ.

ಇನ್‌ಸ್ಪೆಕ್ಟರ್ ನಗಲಿಲ್ಲ. ಊರು ಕುಡಿಯುತ್ತಿದ್ದುದು ಆ ಕೆರೆಯ ನೀರನ್ನೇ. ತಿನ್ನದೆ ಉಳಿದ ಮೇವು ತಳದಲ್ಲಿ ಕೊಳೆತು ನೀರು ಕೆಡುತ್ತದೆಂದು ಒಡತಿ ಕಳೆದ ವರ್ಷ ಯಂತ್ರ ಹಾಕಿಸಿದ್ದಳು. ತೇಲುವ ಮೇವನ್ನು ಅಷ್ಟಷ್ಟೇ ಉದುರಿಸಿ, ಮೀನು ತಿನ್ನುವುದನ್ನು ಬಿಟ್ಟ ಕೂಡಲೇ ತಾನೂ ನಿಲ್ಲುವ ಯಂತ್ರ. ಆದರೂ ತಳ ಕೊಳೆಯುತ್ತಲೇ ಇತ್ತು. ತಿಂಗಳ ಕೊನೆಯ ತಪಾಸಣೆಯಲ್ಲೂ ಹೀಗೇ ಕಂಡರೆ ಪರವಾನಗಿ ರದ್ದು.

"ಯಾರ ಮೇಲಾದರೂ ಅನುಮಾನ?"

"ಆಚೆ ದಡದ ಸಾಕಣೆಯವನು. ನಾವು ಎತ್ತಂಗಡಿಯಾದ್ರೆ ಅವನಿಗೇ ಲಾಭ."

ಕುಡಿಯುವ ನೀರು ಕೆಡಿಸಿದ ಆರೋಪದಡಿ, ಅಪರಿಚಿತರ ವಿರುದ್ಧ, 10.15ಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಸ್ಥಳ ಪಂಚನಾಮೆ. ದಡದಿಂದ ಬಲೆಗೂಡುಗಳ ಪಕ್ಕದಲ್ಲೇ ಉದ್ದನೆಯ ಹಲಗೆ ದಾರಿ, ಅದರ ಕೊನೆಗೆ ಕಾವಲು ಕೋಣೆ. ದಡದ ಬಾಗಿಲಿನ ಬೀಗ ಸರಿಯಾಗಿತ್ತು. ಬಲೆಯೂ ಹರಿದಿರಲಿಲ್ಲ. ಈಜುಗಾರ ತಳದಿಂದ ತಂದ ಕೆಸರಿನಲ್ಲಿ ಇನ್ನೂ ಕರಗದ ಮೇವಿನ ಕಾಳುಗಳಿದ್ದವು. ಬಕೆಟ್ಟಿಗೆ ಹಾಕಿದರೆ ಕಲ್ಲಿನ ಹಾಗೆ ಮುಳುಗಿದವು.

"ಇದು ಹಳೇ ಮೇವು," ಎಂದಳು ಒಡತಿ. "ಯಂತ್ರ ಬಂದ ಮೇಲೆ ತರಿಸೋದೇ ಬಿಟ್ವಿ."

ಇನ್‌ಸ್ಪೆಕ್ಟರ್ ಬೂಟಿನ ಸದ್ದು ಮಾಡುತ್ತ ಹಲಗೆಯ ಮೇಲೆ ಅತ್ತಿಂದಿತ್ತ ನಡೆದ. ನೀರು ಸುಮ್ಮನಿತ್ತು. ಆಗ ಒಡತಿಯ ತಂದೆ ದಡದಿಂದ ಚಹಾದ ಲೋಟಗಳನ್ನು ಹಿಡಿದು ಬಂದ. ಅವನ ರಬ್ಬರ್ ಚಪ್ಪಲಿ ಪಟ್ ಪಟ್ ಎಂದು ಹಲಗೆಗೆ ಬಡಿದದ್ದೇ ತಡ, ನೀರು ಕುದಿಯುವಂತೆ ಎದ್ದಿತು. ನೂರಾರು ಬಾಯಿಗಳು ಮೇಲೆ ಬಂದು ಅವನ ಜೊತೆಜೊತೆಗೇ ಸಾಗಿದವು.

"ಸಾಹೇಬರಿಗೇ ಇಲ್ಲದ ಸ್ವಾಗತ!" ಎಂದ ಮುಖ್ಯಪೇದೆ.

"ಮೊದಲು ಮೇವು ಹಾಕ್ತಿದ್ದಿದ್ದು ಅಪ್ಪನೇ. ಗುರುತು ಹಿಡೀತವೆ."

"ಈ ಮೀನು ಬಿಟ್ಟಿದ್ದು ಯಾವಾಗ?" ಎಂದ ಇನ್‌ಸ್ಪೆಕ್ಟರ್.

"ಇವು ಈ ಸಲದ ಮರಿ. ಯಂತ್ರ ಬಂದ ಮೇಲೆ ಬಿಟ್ಟಿದ್ದು..." ಅವಳು ತಟ್ಟನೆ ತಂದೆಯ ಕಡೆ ತಿರುಗಿದಳು.

ಕಾವಲು ಕೋಣೆಯಲ್ಲಿ, ಅವನ ಮಂಚದ ಕೆಳಗೆ, ಹಳೆಯ ಮೇವಿನ ಚೀಲಗಳು ಸಿಕ್ಕವು. ಮಾರಿಬಿಡು ಎಂದು ಅವಳೇ ಕೊಟ್ಟಿದ್ದ ಚೀಲಗಳು.

"ಯಾಕ್ ಯಜಮಾನ್ರೇ?" ಎಂದ ಇನ್‌ಸ್ಪೆಕ್ಟರ್.

"ಯಂತ್ರ ನಿಂತ ಮೇಲೂ ಬಾಯಿ ಬಿಟ್ಕೊಂಡು ಬರ್ತವೆ ಸಾರ್. ಇಲ್ಲ ಅಂತ ಹೇಗೆ ಕಳಿಸ್ಲಿ?"

"ಅದು ಹಸಿವಲ್ಲಪ್ಪ," ಎಂದಳು ಮಗಳು. "ಹೊಟ್ಟೆ ತುಂಬಿದ್ರೂ ನಿನ್ನ ಸದ್ದಿಗೆ ಬರ್ತವೆ."

"ನನ್ನ ಸದ್ದಿಗಾ?" ಮುದುಕನ ಮುಖ ಅರಳಿತು. ಕೆಸರಿನ ಬಕೆಟ್ಟು ಕಣ್ಣಿಗೆ ಬಿದ್ದು ಮತ್ತೆ ಬಾಡಿತು.

"ದೂರು ವಾಪಸ್ ತಗೋತೀನಿ ಸಾರ್."

"ಊರು ಕುಡಿಯೋ ನೀರಮ್ಮ. ಇನ್ನು ಅದು ನಿಮ್ಮ ಕೈಲಿಲ್ಲ. ಠಾಣೆಯಲ್ಲೇ ಜಾಮೀನು ಸಿಗುತ್ತೆ, ಬನ್ನಿ."

5.40ಕ್ಕೆ ಬಂಧನ. ಮುಖ್ಯಪೇದೆ ಸ್ವಲ್ಪ ಯೋಚಿಸಿ ಬರೆದ: ಆರೋಪಿಯಲ್ಲಿ ದ್ವೇಷ ಕಂಡುಬಂದಿಲ್ಲ. ಮೀನುಗಳು ಹಸಿದಿವೆ ಎಂದು ಆತ ತಪ್ಪು ತಿಳಿದಿದ್ದ.

ಕಾವಲು ಕೋಣೆಯ ಹೊಸ್ತಿಲಲ್ಲಿ ಮಗಳು ತಂದೆಯನ್ನು ತಡೆದಳು. "ಚಪ್ಪಲಿ ಬಿಚ್ಚಪ್ಪ."

ಮುದುಕ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಪೊಲೀಸರ ನಡುವೆ ಬರಿಗಾಲಲ್ಲಿ ಹಲಗೆ ದಾಟಿದ. ಎರಡು ಸಲ ನಿಂತು ನೀರು ನೋಡಿದ. ಒಂದು ಮೀನೂ ಮೇಲೆ ಬರಲಿಲ್ಲ.