ಏಳನೇ ನಂಬರಿನ ಶೂ

“ಮೇಲಿನ ಕೊಳದ ಮಾಪಕ ನಾಳೆ ಸಂಜೆಯೊಳಗೆ ಕೆಲಸ ಶುರು ಮಾಡಬೇಕು,” ಎಂದರು ನೆರೆ ಎಚ್ಚರಿಕೆ ಆಫೀಸಿನ ಮೇಡಂ. “ನಾಡಿದ್ದು ಭಾರಿ ಮಳೆಯಂತೆ. ಬ್ಯಾಟರಿ, ಹಗ್ಗ, ಸಲಕರಣೆ ಸೇರಿ ಮೂರು ಹೊರೆ ಆಗುತ್ತೆ. ಮೂವರು ಹೋಗಿ.”

“ಮೂರನೆಯವರು ಯಾರು?” ಎಂದು ಮೆಕ್ಯಾನಿಕ್ ಕೇಳಿದಳು. ದಾರಿ ತೋರಿಸಲು ಅವಳ ಮೈದುನ ಇದ್ದ. ಆದರೆ ಹೊರೆ ಹೊರುವ, ಎಲ್ಲರೂ ಆನೆ ಅಣ್ಣ ಎಂದು ಕರೆಯುವ ಆಳು ಕಾಲಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಮಲಗಿ ಒಂದು ತಿಂಗಳಾಗಿತ್ತು.

ಮೇಡಂ ಪೆನ್ನಿನ ತುದಿಯಿಂದ ಸ್ಟೋರ್‌ಕೀಪರನನ್ನು ತೋರಿಸಿದರು.

“ನಾನಾ? ಮತ್ತೆ ಉಗ್ರಾಣ ಯಾರು ನೋಡ್ಕೊಳ್ತಾರೆ?”

“ಬೀಗ ನೋಡ್ಕೊಳ್ಳುತ್ತೆ.”

ಬೇರೆ ದಿನವಾಗಿದ್ದರೆ ಮೆಕ್ಯಾನಿಕ್ ನಕ್ಕುಬಿಡುತ್ತಿದ್ದಳು. ಆವತ್ತು ಅವಳಿಗೆ ಕಿವಿಯವರೆಗೂ ಬಿಸಿ ಏರಿತ್ತು.

ಕೊಳ ಇರುವುದು ಬೆಟ್ಟದ ನೆತ್ತಿಯ ಕೆಳಗೆ, ಕಡಿದಾದ ಬಂಡೆಗಳ ನಡುವೆ. ಅಲ್ಲಿ ನೀರು ಗೆರೆ ಮೀರಿದರೆ ಮಾಪಕ ಕೆಳಗಿನ ಗೋಪುರಕ್ಕೆ ಸುದ್ದಿ ಕಳಿಸುತ್ತದೆ, ಸೈರನ್ ಕೂಗುತ್ತದೆ. ಹೊಳೆದಂಡೆಯ ನಲವತ್ತು ಮನೆಯವರಿಗೂ ಅಲ್ಲಿನ ಶಾಲೆಗೂ ದಿಬ್ಬ ಹತ್ತಲು ಅರ್ಧ ಗಂಟೆ ಸಿಗುತ್ತದೆ. ಆ ಶಾಲೆಯ ನಾಲ್ಕನೇ ತರಗತಿಯಲ್ಲಿ ಅವಳ ಮಗಳು ಓದುತ್ತಿದ್ದಳು.

ಹೋದ ತಿಂಗಳು ಮಾಪಕ ಸತ್ತಾಗ ಅವಳು, ಮೈದುನ, ಆನೆ ಅಣ್ಣ ಹೊಸ ಬ್ಯಾಟರಿ ಹೊತ್ತು ಹೊರಟಿದ್ದರು. ಕಾಲಲ್ಲಿ ಉಗ್ರಾಣದ ಹೊಸ ಬೂಟುಗಳು. ಒಂದೊಂದೂ ಇಟ್ಟಿಗೆಯಷ್ಟು ಭಾರ, ಮರದ ಹಲಗೆಯಷ್ಟು ಗಡಸು. ತೊರೆ ದಾಟಿದ ಮೇಲೆ ಒಳಗೆ ತುಂಬಿದ ನೀರು ಸಂಜೆಯವರೆಗೂ ಪಚಪಚ ಎನ್ನುತ್ತಿತ್ತು. ಕೊಳ ಕಣ್ಣಿಗೆ ಬೀಳುವ ಜಾಗದಲ್ಲಿ ಆನೆ ಅಣ್ಣ ಕುಸಿದು ಕೂತ. ಬೂಟು ಬಿಚ್ಚಿದರೆ ಎರಡು ಉಗುರು ಕಾಲುಚೀಲದ ಜೊತೆಗೇ ಬಂದವು. ಅವನನ್ನು ಹೊತ್ತು ಹಿಂದಿರುಗಬೇಕಾಯಿತು. ಮೂರೇ ದಿನಕ್ಕೆ ನೀರು ಬಂತು, ಸೈರನ್ ಕೂಗಲಿಲ್ಲ. ಮರದ ಮಿಲ್ಲಿನ ಶೆಡ್ಡು ಕುಸಿದು ಕಾವಲುಗಾರನ ಕಾಲು ಮುರಿಯಿತು. ಆಮೇಲಿನ ವರದಿಯಲ್ಲಿ ಸ್ಟೋರ್‌ಕೀಪರ್ ತನ್ನ ದುಂಡನೆಯ ಅಕ್ಷರದಲ್ಲಿ ಬರೆದಿದ್ದ: ‘ಸಿಬ್ಬಂದಿಯ ನಿರ್ಲಕ್ಷ್ಯದಿಂದ’. ಆ ಎರಡು ಪದಗಳು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡು ಕೂತಿದ್ದವು.

“ಆ ಬೂಟು ಹಾಕ್ಕೊಂಡು ನಾನು ಒಂದು ಹೆಜ್ಜೆನೂ ಇಡಲ್ಲ ಮೇಡಂ,” ಎಂದಳು.

ಸ್ಟೋರ್‌ಕೀಪರ್ ಕೆರಳಿದ. “ನೋಡಮ್ಮಾ, ಅಳತೆ ಪ್ರಕಾರವೇ ಕೊಟ್ಟಿದ್ದೀನಿ. ಎಲ್ಲರ ಕಾಲನ್ನೂ ಕೆಲಸಕ್ಕೆ ಸೇರಿದ ದಿನವೇ ಅಳೆದು ರಿಜಿಸ್ಟರಿನಲ್ಲಿ ಬರೆದಿದೆ.”

“ಆನೆ ಅಣ್ಣ ಸೇರಿ ಹತ್ತೊಂಬತ್ತು ವರ್ಷ ಆಯ್ತು!”

“ಅಳತೆ ಅಂದ್ರೆ ಅಳತೆ. ದಿನಕ್ಕೊಂದು ಆಗೋಕೆ ಅದೇನು ಕ್ಯಾಲೆಂಡರಾ?”

ಮೇಡಂ ಚೀಟಿ ಬರೆದುಕೊಟ್ಟರು: ಮೂವರಿಗೂ ಬೇಕಾದ ಶೂ ಪೇಟೆಯಿಂದಲೇ ಕೊಳ್ಳಬಹುದು.

ಅತ್ತಿಗೆ ಮೈದುನ ಬೇಕೆಂದೇ ಸಂಜೆ ಹೊತ್ತಿಗೆ ಅಂಗಡಿಗೆ ಹೋದರು. ದಿನವಿಡೀ ನಿಂತು ನಡೆದ ಕಾಲು ಸಂಜೆಗೆ ಊದಿರುತ್ತದೆ, ಬೆಟ್ಟದಲ್ಲೂ ಹಾಗೇ ಊದುತ್ತದೆ. ಬೆಟ್ಟದಲ್ಲಿ ಹಾಕುವ ದಪ್ಪ ಕಾಲುಚೀಲಗಳನ್ನೇ ಅವಳು ಚೀಲದಲ್ಲಿ ತಂದಿದ್ದಳು.

“ಕಾಡುದಾರಿಯಲ್ಲಿ ಓಡೋರು ಹಾಕೋ ಟ್ರೇಲ್ ಶೂ ಬೇಕು. ಡಾಂಬರು, ಬೇರು, ತೊರೆ, ಸಡಿಲ ಕಲ್ಲು ಎಲ್ಲಾ ಸಿಗುತ್ತೆ ನಮ್ಮ ದಾರೀಲಿ,” ಎಂದಳು.

ಅಂಗಡಿಯವನು ಡಬ್ಬಿಗಳನ್ನು ಇಳಿಸಿದ. ಮೈದುನ ಕೆಂಪು ಜೊತೆಯ ಮೇಲೆ ಕಣ್ಣಿಟ್ಟ. “ಅತ್ತಿಗೆ, ಇದು ಚೆನ್ನಾಗಿದೆ.”

“ಬಣ್ಣ ನೋಡಿ ಕರಡಿ ಓಡಿಹೋಗುತ್ತಾ? ತಲೆಕೆಳಗೆ ಮಾಡು.”

ಅಡಿಯ ರಬ್ಬರಿನ ಗುಬುಟುಗಳನ್ನು ಉಗುರಿನಿಂದ ಒತ್ತಿ ನೋಡಿದಳು. ಎತ್ತರ ಸಾಲದಿದ್ದರೆ ಕೆಸರಿನಲ್ಲಿ ಜಾರುತ್ತದೆ. ತೀರಾ ಎತ್ತರವಾಗಿ ದೂರ ದೂರ ಇದ್ದರೆ ಬಂಡೆಯ ಮೇಲೆ ಹಿಡಿತ ಸಿಗುವುದಿಲ್ಲ. ಶೂವನ್ನು ನಡುವೆ ತಿರುಚಿದಳು: ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡದ್ದನ್ನು ಪಕ್ಕಕ್ಕಿಟ್ಟಳು, ಬೆರಳಿನ ಬುಡದಲ್ಲಿ ಮಾತ್ರ ಮಡಿಚಿಕೊಂಡದ್ದನ್ನು ಇಟ್ಟುಕೊಂಡಳು. ಮೇಲಿನ ಜಾಲರಿಯ ಮೇಲೆ ಲೋಟದ ನೀರು ಸುರಿದಾಗ ಅಂಗಡಿಯವನು ಹೌಹಾರಿದ.

“ನೀರು ಒಳಗೆ ಹೋಗೇ ಹೋಗುತ್ತೆ ಸ್ವಾಮಿ. ಹೊರಗೆ ಬರುತ್ತಾ ಅಂತ ನೋಡ್ತಿದ್ದೀನಿ.”

ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಬಿಟ್ಟು, ಹಿಮ್ಮಡಿ ಮೇಲೇಳದಂತೆ ದಾರ ಬಿಗಿದು, ಅಂಗಡಿಯ ಮೆಟ್ಟಿಲುಗಳನ್ನು ಇಪ್ಪತ್ತು ಸಲ ಇಳಿದಳು. ಹತ್ತುವುದು ಅವಳಿಗೆ ಮುಖ್ಯವಾಗಿರಲಿಲ್ಲ. ಉಗುರು ಹೋಗುವುದು ಇಳಿಯುವಾಗ.

ಸ್ಟೋರ್‌ಕೀಪರನಿಗೆ ಫೋನು ಮಾಡಿದಳು. “ಸಾರ್, ಬಂದು ಹಾಕಿ ನೋಡಿ.”

“ನನ್ನದು ಏಳು. ರಿಜಿಸ್ಟರಿನಲ್ಲಿದೆ.”

“ಒಂದ್ಸಲ ಬನ್ನಿ ಸಾರ್.”

“ಏಳು ಅಂದೆನಲ್ಲಮ್ಮಾ!” ಫೋನು ಇಟ್ಟುಬಿಟ್ಟ.

“ಏಳೇ ಕೊಡಿ. ಅವರಿಗೆ ಬೇಡದ ಉಸಾಬರಿ ನನಗ್ಯಾಕೆ?” ಎಂದಳು ಅಂಗಡಿಯವನಿಗೆ. ಪ್ರತಿ ಸ್ಕ್ರೂವನ್ನೂ ಎರಡೆರಡು ಸಲ ತಿರುಗಿಸಿ ನೋಡುವ ಹೆಂಗಸು ಅವಳು. ಆ ಡಬ್ಬಿಯನ್ನು ಮಾತ್ರ ತೆರೆದೂ ನೋಡಲಿಲ್ಲ. ದಾರಿಯಲ್ಲಿ ಒಮ್ಮೆ ಮನಸ್ಸು ಚುಚ್ಚಿತು. ಕೋಪ ಅದರ ಬಾಯಿ ಮುಚ್ಚಿಸಿತು.

ಬೆಳಕು ಹರಿಯುವ ಮೊದಲೇ ಹೊರಟರು. ಡಾಂಬರು ರಸ್ತೆ ಮುಗಿದಲ್ಲಿ ಕಾಡು ಶುರುವಾಗುತ್ತಿತ್ತು. ಹಾದಿಗೆ ಅಡ್ಡವಾಗಿ ದಪ್ಪ ಬೇರುಗಳು ಹಬ್ಬಿದ್ದವು, ಅವುಗಳ ನಡುವೆ ಹಳೆಯ ಎಲೆಗಳು ಕೊಳೆತು ಕಾಲಿಗೆ ಮೆತ್ತೆಯಾಗಿದ್ದವು. ಮೇಲೆ ಮೇಲೆ ಹೋದಂತೆ ಮರಗಳು ಗಿಡ್ಡವಾದವು, ತೊಗಟೆಯ ಮೇಲೆ ಪಾಚಿ ದಟ್ಟವಾಯಿತು. ಕಣಿವೆಯಿಂದ ಮಂಜು ಎದ್ದು ಮೂವರನ್ನೂ ಒಮ್ಮೆ ನುಂಗಿ ಮತ್ತೆ ಬಿಟ್ಟುಕೊಟ್ಟಿತು. ತೊರೆಯಲ್ಲಿ ಮೊಳಕಾಲಿನವರೆಗೆ ನೀರು. ದಾಟಿ ನೂರು ಹೆಜ್ಜೆ ನಡೆಯುವಷ್ಟರಲ್ಲಿ ಶೂಗಳಿಂದ ನೀರು ಬಸಿದುಹೋಯಿತು.

“ಕಾಲಿದೆಯೋ ಇಲ್ಲವೋ ಅನ್ನೋ ಹಾಗಿದೆ ಅತ್ತಿಗೆ!” ಮೈದುನ ಕುಣಿದ.

“ಇದೆ. ಮುಂದಕ್ಕಿಡು.”

ಸ್ಟೋರ್‌ಕೀಪರ್ ಹಿಂದೆ ಬರುತ್ತಿದ್ದ. ಮಾತಿಲ್ಲ. ಅಹಂಕಾರ ಎಂದುಕೊಂಡಳು ಅವಳು.

ಮಧ್ಯಾಹ್ನಕ್ಕೆ ಕೊಳ ತಲುಪಿದರು. ಬ್ಯಾಟರಿ ಜೋಡಿಸಿದ ಕೂಡಲೇ ಹಸಿರು ದೀಪ ಹತ್ತಿತು. ಆದರೂ ಅವಳು ಹೊರಡಲಿಲ್ಲ. ಅಳತೆಪಟ್ಟಿ ಹಿಡಿದು ಸೊಂಟದವರೆಗೆ ನೀರಿಗಿಳಿದಳು.

“ದೀಪ ಹತ್ತಿತಲ್ಲ, ಇನ್ನೇನಮ್ಮಾ?” ಸ್ಟೋರ್‌ಕೀಪರ್ ಬಂಡೆಯ ಮೇಲೆ ಕೂತಿದ್ದ.

“ಮಾಪಕದ ಸೊನ್ನೆ ಗೆರೆ ಸರಿಯಾದ ಎತ್ತರದಲ್ಲಿದೆಯಾ ನೋಡಬೇಕು.”

“ಅದನ್ನ ಇಲ್ಲಿ ನೆಟ್ಟ ದಿನವೇ ಅಳೆದಿದ್ದಾರಲ್ಲ!”

“ಸಾರ್, ಅದು ಕೂತಿರೋ ಕಲ್ಲೇ ಕುಸಿಯುತ್ತೆ. ಆರು ತಿಂಗಳಿಗೊಮ್ಮೆ ಅಳೀಬೇಕು. ನಾವು ಮಾಡೋ ಕೆಲಸವೇ ಅದು. ನೋಡಿ, ನಾಲ್ಕು ಬೆರಳು ಕೆಳಗೆ ಹೋಗಿದೆ.”

ಸ್ಟೋರ್‌ಕೀಪರ್ ತನ್ನ ಶೂಗಳನ್ನು ಒಮ್ಮೆ ನೋಡಿ ಮುಖ ತಿರುಗಿಸಿದ. ಅವಳು ಸೊನ್ನೆ ಸರಿಪಡಿಸಿ ಸ್ಕ್ರೂಗಳನ್ನು ಎರಡು ಸಲ ಬಿಗಿದಳು.

ಮಳೆ ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂತು. ಬಂಡೆಗಳ ಮೇಲೆ ಆಕಾಶ ಕಪ್ಪಾಯಿತು, ಗಾಳಿ ನಿಂತಿತು, ಮರುಗಳಿಗೆಯಲ್ಲಿ ಕಲ್ಲೆಸೆದ ಹಾಗೆ ಹನಿಗಳು ಸುರಿದವು.

“ಇಳಿಯಿರಿ!”

ಸಡಿಲ ಕಲ್ಲಿನ ಇಳಿಜಾರು. ಮೈದುನ ಮುಂದೆ, ಅವಳು ನಡುವೆ. ಶೂಗಳು ಕಚ್ಚಿ ಹಿಡಿದವು. ಹಿಂದೆ ಮಾತ್ರ ಹೆಜ್ಜೆಯ ಸದ್ದು ತಾಳ ತಪ್ಪಿತ್ತು. ತಿರುಗಿ ನೋಡಿದಳು. ಸ್ಟೋರ್‌ಕೀಪರ್ ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದ.

“ನೇರ ಇಳಿಯಿರಿ ಸಾರ್! ಅಡ್ಡ ನಡೆದ್ರೆ ಜಾರ್ತೀರಿ!”

ಜಾರಿದ.

ಕಲ್ಲುಗಳು ಗಲಗಲ ಎಂದವು. ಅವನು ಬೆನ್ನಿನ ಮೇಲೆ ಬಿದ್ದು ಅಂಚಿನತ್ತ ಹೋದ. ಮೈದುನ ಎಸೆದ ಹಗ್ಗದ ತುದಿ ಅವನ ಕೈಗೆ ಸಿಕ್ಕಿತು. ಅವಳು ಹಗ್ಗದ ಮೇಲೆ ಮೈಚೆಲ್ಲಿ ಹಿಮ್ಮಡಿ ಊರಿದಳು. ಹಗ್ಗ ಬಿಗಿಯಾಯಿತು. ಅವನು ಜಾರುವುದು ನಿಂತಿತು.

ಎಳೆದು ಕೂರಿಸಿದ ಮೇಲೆ ಅವನ ಶೂ ಬಿಚ್ಚಿದಳು. ಕಾಲುಚೀಲದ ತುದಿ ಕೆಂಪಾಗಿತ್ತು. ಹೆಬ್ಬೆರಳಿನ ಉಗುರು ಕಪ್ಪಗೆ ತಿರುಗಿತ್ತು.

“ಎಲ್ಲಿಂದ ನೋಯ್ತಿದೆ?”

“ತೊರೆ ದಾಟಿದಾಗಿನಿಂದ.”

“ಹತ್ತುವಾಗಲೇ? ಬಾಯಲ್ಲಿ ಏನಿತ್ತು? ಯಾಕೆ ಹೇಳಲಿಲ್ಲ?” ಅವಳ ಗಂಟಲು ಹರಿಯುವಂತಿತ್ತು.

“ಹೇಳಿದ್ರೆ... ಆನೆಗೆ ಕೊಟ್ಟ ಬೂಟೂ ತಪ್ಪು ಅಂತ ಒಪ್ಕೊಂಡ ಹಾಗಲ್ವಾ.” ಅವನು ಮಳೆಗೆ ಮುಖ ಒಡ್ಡಿ ಹೇಳಿದ. “ಏಳು ಬರೆಸಿದಾಗ ನನಗೆ ಇಪ್ಪತ್ತಮೂರು ವರ್ಷ.”

ಅವಳ ಕೋಪ ಒಂದು ಕ್ಷಣ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿತು. ಆಮೇಲೆ ಅರ್ಧ ಅವಳ ಕಡೆಗೇ ತಿರುಗಿತು. ಆ ಡಬ್ಬಿಯನ್ನು ತೆರೆಯದೆ ತಂದವಳು ಅವಳೇ. ಕಲ್ಲಿನ ಸೊನ್ನೆಯನ್ನು ನಂಬದವಳು ರಿಜಿಸ್ಟರಿನ ಏಳನ್ನು ನಂಬಿದ್ದಳು. ಅದೂ ಹಟಕ್ಕೆ.

“ನಾನೂ ತಪ್ಪು ಮಾಡಿದೆ,” ಎಂದಳು ಬೈದ ಹಾಗೆಯೇ. ಮೈದುನನತ್ತ ಕೈ ಚಾಚಿದಳು. “ಚಾಕು ಕೊಡೋ.”

“ಏನು ಮಾಡ್ತೀಯಮ್ಮಾ? ಅದು ಆಫೀಸಿನ ಸೊತ್ತು!”

“ಕಾಲು ಯಾರ ಸೊತ್ತು?”

ಎರಡೂ ಶೂಗಳ ಮುಂಭಾಗವನ್ನು ಕೊಯ್ದು ತೆಗೆದಳು. ಬೆರಳುಗಳಿಗೆ ಬಟ್ಟೆ ಸುತ್ತಿ ಹಿಮ್ಮಡಿಯ ದಾರ ಬಿಗಿದಳು. ಬೆರಳುಗಳು ಹೊರಗಿಣುಕಿದವು. ಅಡಿಯ ರಬ್ಬರು ಹಾಗೇ ಇತ್ತು.

ಅಷ್ಟರಲ್ಲಿ ಕೆಳಗಿನಿಂದ ಕೇಳಿತು. ಮೊದಲು ಸಣ್ಣಗೆ, ಆಮೇಲೆ ಕಣಿವೆ ತುಂಬುವಂತೆ. ಸೈರನ್.

“ಕೆಲಸ ಮಾಡ್ತಿದೆ ಅತ್ತಿಗೆ!” ಮೈದುನ ಕೂಗಿದ. ಕೂಗು ಮುಗಿಯುವ ಮೊದಲೇ ಅವನ ಮುಖ ಬಿಳಿಚಿತು. “ನಾವಿನ್ನೂ ತೊರೆ ದಾಟಿಲ್ಲ.”

ಕೊಳ ಗೆರೆ ಮೀರಿತ್ತು. ಆ ನೀರು ಇಳಿಯುವುದು ಅದೇ ತೊರೆಯಲ್ಲಿ. ಇತ್ತಕಡೆ ನಿಲ್ಲೋಣವೆಂದರೆ ಮೇಲಿನ ಇಳಿಜಾರು ಆಗಲೇ ಕಲ್ಲು ಉದುರಿಸತೊಡಗಿತ್ತು.

ಓಡಿದರು. ಕೆಸರು, ಬೇರು, ಬಂಡೆ. ಸ್ಟೋರ್‌ಕೀಪರ್ ಅವಳ ಭುಜ ಹಿಡಿದು ಓಡಿದ. ಒಮ್ಮೆಯೂ ಅಡ್ಡ ಕಾಲಿಡಲಿಲ್ಲ.

ತೊರೆ ಕಂದು ಬಣ್ಣಕ್ಕೆ ತಿರುಗಿತ್ತು. ಬೆಳಿಗ್ಗೆ ಮೊಳಕಾಲಿಗಿದ್ದ ನೀರು ಈಗ ತೊಡೆಗೆ. ಮೈದುನ ಹಗ್ಗದ ತುದಿ ಹಿಡಿದು ಇಳಿದ, ತಡಕಾಡಿದ, ಆಚೆ ದಡದ ಮರಕ್ಕೆ ಕಟ್ಟಿದ.

“ಹಗ್ಗ ಹಿಡ್ಕೊಳ್ಳಿ. ಕಾಲು ಎತ್ತಬೇಡಿ, ಜರುಗಿಸಿ.”

“ನೀನು ಮೊದಲು ಹೋಗಮ್ಮಾ, ಮಗು ಇದೆ ನಿನಗೆ.”

“ನಡೀರಿ ಸಾರ್! ನಿಮ್ಮ ಮೇಲಿನ ಕೋಪ ಇನ್ನೂ ಮುಗಿದಿಲ್ಲ, ಇಲ್ಲಿ ಮುಳುಗಿ ಹೋಗೋಕೆ ಬಿಡಲ್ಲ!”

ಅವನು ಇಳಿದ. ಹಿಂದೆಯೇ ಅವಳು. ನೀರು ಸೊಂಟ ತಳ್ಳಿತು. ಅಡಿಯ ರಬ್ಬರು ಪಾಚಿಗಲ್ಲಿನ ಮೇಲೆ ಜಾರಿತು, ಕಚ್ಚಿತು. ಇನ್ನೊಂದು ಹೆಜ್ಜೆ. ಇನ್ನೊಂದು. ಮೈದುನನ ಕೈ ಸಿಕ್ಕಿತು. ದಡ ಹತ್ತಿ ಇಪ್ಪತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದೆ ಮರಗಳು ಮುರಿಯುವ ಸದ್ದಾಯಿತು. ತಿರುಗಿದರೆ ತೊರೆಯೂ ಇರಲಿಲ್ಲ, ಹಗ್ಗವೂ ಇರಲಿಲ್ಲ. ಕಂದು ನೀರಿನ ಒಂದು ಗೋಡೆ ಹೋಗುತ್ತಿತ್ತು.

ಮೂವರೂ ಕೂತು ಉಸಿರು ತೆಗೆದುಕೊಂಡರು.

ಊರ ಹತ್ತಿರ ಬಂದಾಗ ಶಾಲೆಯ ಅಂಗಳದಲ್ಲಿ ಕಿಟಕಿಯ ಎತ್ತರಕ್ಕೆ ನೀರು ನಿಂತಿತ್ತು. ಮಕ್ಕಳೆಲ್ಲ ದಿಬ್ಬದ ಮೇಲೆ, ಟಾರ್ಪಾಲಿನ ಕೆಳಗೆ. ಅವಳ ಮಗಳು ಓಡಿಬಂದು ಮೊದಲು ತಬ್ಬಿಕೊಂಡಳು. ಆಮೇಲೆ ಸ್ಟೋರ್‌ಕೀಪರನ ಕಾಲು ತೋರಿಸಿದಳು. “ಅಮ್ಮಾ, ಆ ತಾತನ ಶೂ ಯಾರು ತಿಂದ್ರು?”

“ತಾತ ಅಲ್ಲ, ಅಂಕಲ್ ಅನ್ನು,” ಎಂದ ಅವನು ನರಳುತ್ತ.

ನಾಲ್ಕು ದಿನದ ಮೇಲೆ, ಸಂಜೆ ಐದಕ್ಕೆ ಅವನು ಅವಳನ್ನೂ ಮೈದುನನನ್ನೂ ಉಗ್ರಾಣಕ್ಕೆ ಕರೆದ. ನೆಲದ ಮೇಲೆ ಬಿಳಿ ಕಾಗದ ಹಾಸಿದ್ದ. ಕುರ್ಚಿಯಲ್ಲಿ ಆನೆ ಅಣ್ಣ ಪಟ್ಟಿ ಬಿಚ್ಚಿದ ಕಾಲು ಚಾಚಿ ಕೂತಿದ್ದ. ಅವನ ಪಾದದ ಗುರುತನ್ನು ಆಗಲೇ ಬರೆದಾಗಿತ್ತು.

ಸ್ಟೋರ್‌ಕೀಪರ್ ಅವಳ ಮುಂದೆ ಎರಡು ಹಾಳೆ ಇಟ್ಟ. ಒಂದು ರಿಜಿಸ್ಟರಿನದು. ಅದರಲ್ಲಿ ತನ್ನ ಹೆಸರಿನ ಮುಂದಿದ್ದ ಏಳನ್ನು ಹೊಡೆದು ಎಂಟೂವರೆ ಎಂದು ಬರೆದಿದ್ದ. ಇನ್ನೊಂದು ಹೋದ ತಿಂಗಳ ವರದಿಗೆ ತಿದ್ದುಪಡಿ. ‘ಸಿಬ್ಬಂದಿಯ ನಿರ್ಲಕ್ಷ್ಯದಿಂದ’ ಇದ್ದ ಜಾಗದಲ್ಲಿ ‘ಉಗ್ರಾಣ ಕೊಟ್ಟ ತಪ್ಪು ಅಳತೆಯ ಬೂಟಿನಿಂದ’ ಎಂದಿತ್ತು. ಕೆಳಗೆ ಸಹಿ.

ಅವಳು ಎರಡು ಸಲ ಓದಿದಳು.

“ಕೋಪ ಹೋಯ್ತಾ?” ಅವನು ಕೇಳಿದ.

“ಅರ್ಧ,” ಎಂದಳು. ಚಪ್ಪಲಿ ಬಿಟ್ಟು ಕಾಗದದ ಮೇಲೆ ನಿಂತಳು. “ಪೆನ್ಸಿಲ್ ನೇರ ಹಿಡೀರಿ ಸಾರ್. ಆರು ತಿಂಗಳಿಗೆ ಮತ್ತೆ ಬರ್ತೀನಿ.”