ಕರುಣಾಕರನ ಶಬ್ದ, ಇನ್ನೊಬ್ಬರ ನಾಲಿಗೆ

"ನನ್ನ ಹೆಸರು ಹಾಳು ಮಾಡಿದವರು ಯಾರೆಂದು ನನಗೆ ಗೊತ್ತಾಗಲೇಬೇಕು, ಟೀಚರ್!"

ಶಿರ್ವದ ಲವಿಟಾ ಚಪ್ಪಲಿಯನ್ನೂ ಕಳಚದೆ ಒಳಗೆ ನುಗ್ಗಿದ್ದಳು.

ಡುಲ್ಸಿನ್ ಟೀಚರ್ ಸ್ಪೇನಿನ ಕೋರ್ಟುಗಳಲ್ಲಿ ಬಹುಕಾಲ ದುಭಾಷಿಯಾಗಿದ್ದವರು. ಸುಳ್ಳು ಸಾಕ್ಷಿಗಳನ್ನು ಕೇಳಿ ಕೇಳಿ ಅವರ ಕಿವಿ ಪಳಗಿತ್ತು. ಈಗ ಮಣಿಪಾಲದ ಮನೆಯಲ್ಲಿ ಸ್ಪ್ಯಾನಿಶ್ ಕಲಿಸುತ್ತಿದ್ದರು. ಕಳವು, ಮೋಸ ಎಂದರೆ ಊರಿನವರು ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಅವರ ತರಗತಿ ನೋಡಿಕೊಳ್ಳುವ ರಾಜಶ್ರೀ ಅಂಥ ಎಲ್ಲ ಪತ್ತೇದಾರಿಕೆಗೂ ಬೆನ್ನಿಗಿದ್ದವಳು.

ಆದದ್ದು ಇಷ್ಟು. ವಲೆನ್ಸಿಯಾದ ಪಿಲಾರ್ ಎಂಬಾಕೆ ತನ್ನ ತಂದೆಯನ್ನು ನೋಡಿಕೊಳ್ಳಲು ನರ್ಸ್ ಹುಡುಕುತ್ತಿದ್ದಳು. ಲವಿಟಾ ಸೇರಿ ತರಗತಿಯ ನಾಲ್ವರು ನರ್ಸುಗಳೂ ಸಂದರ್ಶನ ಕೊಟ್ಟಿದ್ದರು. ಕೆಲಸ ಲವಿಟಾಳ ಪಾಲಾಗಿ ವೀಸಾ ಕೂಡ ಬಂದಿತ್ತು. ಅಷ್ಟರಲ್ಲಿ ಯಾರೋ ಪಿಲಾರ್‌ಗೆ ಫೋನ್ ಮಾಡಿ ಚಾಡಿ ಹೇಳಿ ಕೆಲಸ ತಪ್ಪಿಸಿದ್ದರು. ಟೀಚರ್ ಬಿಟ್ಟರೆ ಆಕೆಯ ನಂಬರು ಗೊತ್ತಿದ್ದದ್ದು ಆ ನಾಲ್ವರಿಗೇ.

ಟೀಚರ್ ಅಲ್ಲೇ ಪಿಲಾರ್‌ಗೆ ಫೋನ್ ಹಚ್ಚಿದರು. ಬಾಯಿಗೆ ಬಟ್ಟೆ ಅಡ್ಡ ಹಿಡಿದಂಥ ದನಿ, ಗಂಡೋ ಹೆಣ್ಣೋ ತಿಳಿಯಲಿಲ್ಲ ಎಂದಳು ಆಕೆ. ಮಾತು ಮಾತ್ರ ನೆನಪಿತ್ತು: "ನೊ ಓಸ್ ಫಿಯೇಯಿಸ್ ದೆ ಎಯಾ. ನೊ ಎಸ್ ಫಿದೆದಿಗ್ನಾ." ನಿಮ್ಮ ಮನೆಯವರು ಯಾರೂ ಅವಳನ್ನು ನಂಬಬೇಡಿ, ಅವಳು ನಂಬಿಕೆಗೆ ಅರ್ಹಳಲ್ಲ.

"ವಿಚಿತ್ರ," ಎಂದರು ಟೀಚರ್, ಲವಿಟಾ ಮತ್ತು ರಾಜಶ್ರೀಯತ್ತ ತಿರುಗಿ. "ಫಿದೆದಿಗ್ನೊ ಎನ್ನುವುದು ಸುದ್ದಿಗೆ, ಸಾಕ್ಷ್ಯಕ್ಕೆ ಒಪ್ಪುವ ಶಬ್ದ. ನರ್ಸನ್ನು ಯಾರೂ ಹಾಗೆ ಹೇಳುವುದಿಲ್ಲ."

ಮರುದಿನ ಎಲ್ಲರೂ ಬಂದು ಕುಳಿತರು. ಟೀಚರ್ ಸಂಗತಿ ತಿಳಿಸಿದರು. ಫೋನಿನ ಮಾತುಗಳನ್ನು ಮಾತ್ರ ಹೇಳಲಿಲ್ಲ. "ನೀವು ಪೂರ್ತಿ ನಂಬುವ ಒಬ್ಬರ ಬಗ್ಗೆ ಒಂದೊಂದು ವಾಕ್ಯ ಹೇಳಿ," ಎಂದರು.

ಕಾಪುವಿನ ಯೋಗೀಶ್ ಹಡಗಿನ ಆಸ್ಪತ್ರೆಯಲ್ಲಿ ಮೆಕ್ಸಿಕೋದವರ ಜೊತೆ ದುಡಿದು ಭಾಷೆ ಕಲಿತವನು. ಹೆಂಡತಿಯನ್ನು "ಕೊನ್ಫಿಯಾಬ್ಲೆ", ನಂಬಬಹುದಾದವಳು, ಎಂದ. ಮ್ಯಾಡ್ರಿಡ್‌ನಲ್ಲಿ ತರಬೇತಿ ಪಡೆದು ಬಂದಿದ್ದ ಕಾರ್ಕಳದ ವಿಜೇತಾ ತಾಯಿಯನ್ನು ಅದೇ ಅರ್ಥದಲ್ಲಿ "ಫಿಯಾಬ್ಲೆ" ಎಂದಳು. ಅಂಬಲಪಾಡಿಯ ಕರುಣಾಕರ ಎದ್ದು ನಿಂತ.

"ಮಿ ಎರ್ಮಾನಾ ಎಸ್ ಫಿದೆದಿಗ್ನೊ. ನನ್ನ ಅಕ್ಕ ನಂಬಿಕಸ್ಥೆ."

ರಾಜಶ್ರೀಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ಅವಳ ಬಾಯಿಗೆ ಇಳಕಲ್ಲಿನ ತವರುಮಾತು ಬರುತ್ತಿತ್ತು. "ಕೇಳಿದ್ರೇನ್ರೀ ಟೀಚರ್? ಇವನ ರೀ ಅಂವಾ! ಒಬ್ಬಾಕಿ ಹೆಣ್ಮಗಳ ಬಾಳಿಗೆ ಕಲ್ಲು ಹಾಕ್ಯಾನ!"

"ನಾನು ಎಂತ ಮಾಡಿದೆ ಮಾರಾಯ್ತಿ?" ಕರುಣಾಕರನ ಮುಖ ಬಿಳಿಚಿತು.

ಲವಿಟಾ ಅವನ ಕಾಲರಿಗೇ ಕೈ ಹಾಕಿದಳು.

"ಬಿಡು ಅವನನ್ನು!" ಟೀಚರ್ ಮೇಜು ಗುದ್ದಿದರು. ಅವರು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ರಾಜಶ್ರೀ ಕೇಳಿರಲಿಲ್ಲ. "ನೀವು ಹೀಗೆ ಇವನ ಮೇಲೆ ಬೀಳಬೇಕೆಂದೇ ಆ ಶಬ್ದವನ್ನು ಆರಿಸಿದ್ದು. ಇವನು ಸ್ಕೂಟರನ್ನೂ ಫಿದೆದಿಗ್ನೊ ಎನ್ನುತ್ತಾನೆ, ಅಕ್ಕನನ್ನೂ ಹಾಗೇ ಎನ್ನುತ್ತಾನೆ. ಹೆಣ್ಣಿನ ಬಗ್ಗೆ ಹೇಳುವಾಗ ಕೊನೆಯ 'ನೊ' ಹೋಗಿ 'ನಾ' ಆಗಬೇಕು ಎಂದು ತಿದ್ದಿ ತಿದ್ದಿ ನಾನು ಸೋತಿದ್ದೇನೆ. ಫೋನ್ ಮಾಡಿದವರು ಸರಿಯಾಗಿ 'ಫಿದೆದಿಗ್ನಾ' ಎಂದರು. ಇವನ ಶಬ್ದವನ್ನು ಕದ್ದವರಿಗೆ ಇವನ ತಪ್ಪನ್ನು ಕದಿಯಲು ಆಗಲಿಲ್ಲ. ವ್ಯಾಕರಣ ಅಷ್ಟು ಚೆನ್ನಾಗಿ ರೂಢಿಯಾಗಿತ್ತು."

"ಹಾಗಾದರೆ ನಾನಾ?" ಎಂದ ಯೋಗೀಶ್.

"ಅಲ್ಲ. ಹಲವರನ್ನು ಸೇರಿಸಿ 'ನೀವು' ಎನ್ನಲು ಮೆಕ್ಸಿಕೋದವರು 'ಓಸ್' ಬಳಸುವುದಿಲ್ಲ. ನೀನಾಗಿದ್ದರೆ 'ನೊ ಕೊನ್ಫಿಯೆನ್' ಎನ್ನುತ್ತಿದ್ದೆ. 'ನೊ ಓಸ್ ಫಿಯೇಯಿಸ್' ಸ್ಪೇನಿನಲ್ಲಿ ಬದುಕಿದವರ ಮಾತು. ಅಂಥವರ ಬಾಯಿಗೆ ತಾನಾಗಿ ಬರುವುದು 'ಫಿಯಾಬ್ಲೆ'. ಅದರಲ್ಲಿ ಗಂಡು ಹೆಣ್ಣಿನ ತೊಡಕೇ ಇಲ್ಲ. ಅದನ್ನೇ ಹೇಳಿದ್ದರೆ ನನಗೆ ಇಷ್ಟು ಹಿಡಿತ ಸಿಗುತ್ತಿರಲಿಲ್ಲ. ಅಲ್ವಾ, ವಿಜೇತಾ?"

ವಿಜೇತಾ ತಟ್ಟನೆ ಎದ್ದಳು. "ಹೌದು, ನಾನೇ! ಮ್ಯಾಡ್ರಿಡ್‌ನಲ್ಲಿ ಕಲಿತವಳು ನಾನು. ಇವಳು ನಿನ್ನೆ ಮೊನ್ನೆ ಅಕ್ಷರ ಕಲಿತವಳು. ಆ ಕೆಲಸ ಇವಳಿಗೆ ಯಾಕೆ?"

"ಅದನ್ನು ನನ್ನ ಮುಖಕ್ಕೇ ಹೇಳಬಹುದಿತ್ತು," ಎಂದಳು ಲವಿಟಾ, ಹಲ್ಲು ಕಚ್ಚಿ. "ಹಿಂದಿನಿಂದ ಇರಿದೆ. ಏನೂ ಅರಿಯದ ಇವನ ಕೈಗೆ ಚೂರಿ ಕೊಟ್ಟೆ."

"ಹೊರಗೆ ನಡಿ," ಎಂದರು ಟೀಚರ್. ವಿಜೇತಾ ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದಳು.

ರಾಜಶ್ರೀಗೆ ಈಗ ತನ್ನ ಮೇಲೆಯೇ ಸಿಟ್ಟು. "ತಪ್ಪಾಯಿತು, ಕರುಣಾಕರಣ್ಣ," ಎಂದಳು. ಅವನು ಕಾಲರು ಸರಿಮಾಡಿಕೊಂಡ.

ಟೀಚರ್ ಪಿಲಾರ್‌ಗೆ ಎಲ್ಲವನ್ನೂ ವಿವರಿಸಿದರು. ಆಕೆ ಅಯ್ಯೋ ಎಂದಳು, ಲವಿಟಾ ಕೂಡಲೇ ಹೊರಟು ಬರಲಿ ಎಂದಳು. ಲವಿಟಾ ಫೋನ್ ಕಿತ್ತುಕೊಂಡು, ತನ್ನ ಹರಕು ಮುರುಕು ಸ್ಪ್ಯಾನಿಶ್‌ನಲ್ಲೇ, ತಡವರಿಸದೆ ಕೇಳಿದಳು:

"ಹೆಸರಿಲ್ಲದ ಒಂದು ದನಿಯನ್ನು ನಂಬಿದಿರಿ. ನನ್ನನ್ನು ಒಂದು ಮಾತು ಕೇಳಿದಿರಾ?"

ಆ ಕಡೆಯಿಂದ "ಪೆರ್ದೋನ್", ಕ್ಷಮಿಸಿ, ಎಂದು ಕೇಳಿಸಿತು.

"ಕ್ಷಮಿಸಿದ್ದೇನೆ. ಬರುವುದೋ ಬೇಡವೋ ಎಂದು ಇನ್ನು ನಾನು ಯೋಚಿಸಿ ಹೇಳುತ್ತೇನೆ," ಎಂದು ಲವಿಟಾ ಫೋನ್ ಇಟ್ಟಳು.